ಪ್ರವಾಸದಲ್ಲಿದ್ದಾರೆ

ಅಡುಗೆಮನೆಯ ಕಿಟಕಿಯ ಕೆಳಗೆ ಬಗ್ಗಿಕೊಂಡು ದಾಟುವಾಗ ಔಲಿಸ್ ಸಾರ್ನಿವಾರಾನ ಬಲಮಂಡಿ ಕಟಕ್ಕೆಂದಿತು. ಅವನು ಬಗ್ಗಿದವನು ಬಗ್ಗಿದಂತೆಯೇ ನಿಂತು ಕಿವಿಗೊಟ್ಟ. ಗೋಡೆಯಾಚೆ ಲೆಂಪಿ ಹಕ್ಕರೈನೆನ್ ಮುದುಕಿಯ ರೇಡಿಯೋ ಹವಾಮಾನ ಓದುತ್ತಿತ್ತು. ಬೋತ್ನಿಯಾ ಕೊಲ್ಲಿಯಲ್ಲಿ ಗಾಳಿ ಸಾಧಾರಣವಂತೆ.

ಒಲೆಯ ಮೂಲೆ ಸೇರಿದ ಮೇಲೆ ನೆಟ್ಟಗಾದ. ಎದುರಿನ ಕಟ್ಟಡದವರಿಗೆ ಈ ಮೂಲೆ ಕಾಣುವುದಿಲ್ಲ. ನಿನ್ನೆಯೇ ಅಂಗಳಕ್ಕಿಳಿದು, ಕಸ ಹಾಕುವ ನೆಪದಲ್ಲಿ ತಲೆಯೆತ್ತಿ ನೋಡಿ ಖಚಿತ ಮಾಡಿಕೊಂಡಿದ್ದ. ಅರವತ್ತು ತುಂಬಿದ ಬೆಳಿಗ್ಗೆ, ತನ್ನ ಮನೆಯಲ್ಲೇ ತಾನು ಕಳ್ಳ. ನಗು ಬರಬೇಕಿತ್ತು, ಬರಲಿಲ್ಲ.

ಮೇಜಿನ ಮೇಲೆ ಪತ್ರಿಕೆ ಬಿದ್ದಿತ್ತು. ಹುಟ್ಟುಹಬ್ಬಗಳ ಪುಟದ ಕೆಳಗೆ, ಬೆರಳುದ್ದದ ಪ್ರಕಟಣೆ: ಸ್ಯಾಕ್ಸೋಫೋನ್ ವಾದಕ, ಸಂಗೀತ ಸಂಯೋಜಕ ಔಲಿಸ್ ಸಾರ್ನಿವಾರಾ ಅವರಿಗೆ ಇಂದು ಅರವತ್ತು. ಪ್ರವಾಸದಲ್ಲಿದ್ದಾರೆ.

ಅವನೇ ಹಾಕಿಸಿದ್ದು. ಐವತ್ತೋ ಅರವತ್ತೋ ತುಂಬಿದವರ ಮನೆಗೆ ಜನ ಕರೆಯದೆಯೇ ಹೂ ಹಿಡಿದು ಬರುತ್ತಾರೆ. ಅವರಿಗೆ ಕಾಫಿ ಇಡಬೇಕು, ಏಳು ಬಗೆಯ ತಿಂಡಿ ಇಡಬೇಕು, ಭಾಷಣ ಕೇಳಬೇಕು. ಅದು ಬೇಡದವರು ಪತ್ರಿಕೆಯಲ್ಲಿ ಈ ಒಂದು ಮಾತು ಹಾಕಿಸುತ್ತಾರೆ. ಹಾಕಿಸಿದವರಲ್ಲಿ ಅರ್ಧ ಜನ ಮೂಲೆಯಂಗಡಿಯವರೆಗೂ ಹೋಗಿರುವುದಿಲ್ಲ, ಪರದೆ ಎಳೆದುಕೊಂಡು ಒಳಗೇ ಇರುತ್ತಾರೆ. ಇದು ತಂಪೆರೆ ಪಟ್ಟಣಕ್ಕೆಲ್ಲ ಗೊತ್ತು. ಗೊತ್ತಿದ್ದೂ ಯಾರೂ ಬಾಗಿಲು ತಟ್ಟುವುದಿಲ್ಲ, ಏಕೆಂದರೆ ಇಲ್ಲಿ ಇನ್ನೊಬ್ಬನನ್ನು ಅವನ ಪಾಡಿಗೆ ಬಿಡುವುದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಔಲಿಸನ ಮನಸ್ಸಿನಲ್ಲಿ ಇದ್ದದ್ದು ಬೇರೆ. ಬರಬೇಡಿ ಎಂದ ಮೇಲೂ ಬರುವವರು ಇರುತ್ತಾರಲ್ಲ, ಅವರು ಯಾರು ಎಂದು ನೋಡಬೇಕಿತ್ತು. ಈ ಮಾತನ್ನು ಅವನು ಯಾರೆದುರೂ ಒಪ್ಪಿಕೊಳ್ಳುತ್ತಿರಲಿಲ್ಲ. ಆದರೆ ಫ್ರಿಜ್ಜಿನಲ್ಲಿ, ಬೇಕರಿಯಿಂದ ತಾನೇ ಹೊತ್ತು ತಂದ, ಬ್ರೆಡ್ಡಿನ ಪದರ ಜೋಡಿಸಿದ ಸ್ಯಾಂಡ್‌ವಿಚ್ ಕೇಕು ಕೂತಿತ್ತು. ಮೇಲೆ ಸಾಲ್ಮನ್ ಮೀನಿನ ಗುಲಾಬಿ ಹೂಗಳು, ಸೌತೆಕಾಯಿಯ ಎಲೆಗಳು.

ನಿನ್ನೆ ಸಂಜೆ ಅವನ ಹೆಂಡತಿ ಸಿರ್ಕ ಫ್ರಿಜ್ಜಿನ ಬಾಗಿಲು ತೆಗೆದವಳು ಮುಚ್ಚಲೇ ಇಲ್ಲ.

"ಇದೇನಿದು?"

"ಕೇಕು."

"ಹನ್ನೆರಡು ಜನರದ್ದು."

"ಚಿಕ್ಕದಿರ್ಲಿಲ್ಲ."

"ಪ್ರವಾಸ ಅಂತ ಹಾಕ್ಸಿದೀಯಲ್ಲ?"

"ಹೂಂ."

"ಮತ್ತೆ ಯಾರಿಗಿದು?"

"ಹಸಿವಾದ್ರೆ ಅಂತ."

ಸಿರ್ಕ ಬಾಗಿಲು ಮುಚ್ಚಿದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ಜಗಳವಾಡುವುದನ್ನು ಎಂದೋ ನಿಲ್ಲಿಸಿದ್ದಳು. "ನಾನು ಮಾಡಿ ಬಡಿಸ್ತೀನಿ, ನಾಲ್ಕು ಜನ ಬರ್ಲಿ ಅಂದೆ. ಬೇಡ ಅಂದೆ ನೀನು. ಜನ ಅಂದ್ರೆ ಅಲರ್ಜಿ ಅಂದೆ. ಸರಿ. ನಾನಂತೂ ನಾಳೆ ಬೆಳಗ್ಗೆ ಔಲುಗೆ ಹೊರಟೆ, ಅಕ್ಕನ ಮನೆಗೆ. ಈ ಮನೇಲಿ ಒಬ್ಬರಾದ್ರೂ ಪ್ರವಾಸ ಮಾಡ್ಲಿ. ಪೇಪರ್‌ನೋರು ಪಾಪ ಸುಳ್ಳು ಹೇಳ್ದಂಗಾಗ್ಬಾರ್ದು."

"ನಿನ್ನಿಷ್ಟ."

"ನನ್ನಿಷ್ಟ ಯಾವತ್ತು ಕೇಳಿದ್ದೆ, ಇವತ್ತು ಕೇಳೋಕೆ?"

ಬೆಳಿಗ್ಗೆ ಏಳರ ರೈಲಿಗೆ ಹೋದಳು. ಹೋಗುವಾಗ ಅವನ ಹಣೆಗೆ ಒಂದು ಮುತ್ತು ಕೊಟ್ಟು, ಹೊಸ ಉಣ್ಣೆಯ ಕಾಲುಚೀಲವನ್ನು ಮಂಚದ ಮೇಲಿಟ್ಟಿದ್ದಳು. ಬೂದುಬಣ್ಣ, ತುದಿಯಲ್ಲಿ ಕೆಂಪು ಪಟ್ಟಿ. ಅದನ್ನೇ ಈಗ ಹಾಕಿಕೊಂಡಿದ್ದ. ಉಣ್ಣೆಯಾದ್ದರಿಂದ ಹೆಜ್ಜೆಯ ಸದ್ದಾಗುವುದಿಲ್ಲ.

ಪುಟದ ಮೇಲ್ಭಾಗದಲ್ಲಿ ಅವನ ಮೇಲೊಂದು ಲೇಖನವೂ ಇತ್ತು. ಹದಿನೈದು ದಿನದ ಹಿಂದೆ ಪತ್ರಿಕೆಯ ಹುಡುಗಿಯೊಬ್ಬಳು ಫೋನಿನಲ್ಲಿ ಮಾತಾಡಿಸಿದ್ದಳು. ಎರಡು ಗಂಟೆ ಹೊತ್ತು ಅವನು ಹೇಳಿದ. ಹತ್ತಿಗಿರಣಿಯ ಬ್ಯಾಂಡಿನಲ್ಲಿ ಹನ್ನೆರಡನೇ ವಯಸ್ಸಿಗೆ ಊದಲು ಕಲಿತದ್ದು. ಬೇಸಿಗೆಗಳಲ್ಲಿ ಕೆರೆದಂಡೆಯ ಕುಣಿತದ ಮಂಟಪಗಳಲ್ಲಿ ಮರಕಡಿಯುವವರಿಗೆ ಟ್ಯಾಂಗೋ ನುಡಿಸಿ, ಚಳಿಗಾಲದಲ್ಲಿ ಜಾಝ್ ನುಡಿಸಿದ್ದು. ಆರು ಜನರ ತಂಡ ಕಟ್ಟಿದ್ದು. ವಾರ್ಸಾದಲ್ಲಿ ಜನ ಎದ್ದು ನಿಂತದ್ದು. ಮುಖ್ಯವಾಗಿ 'ಹಿಮ ಒಡೆಯುವ ವಾರ'ದ ಬಗ್ಗೆ ಹೇಳಿದ. ನಲವತ್ತೆರಡು ನಿಮಿಷದ ಕೃತಿ, ನಾಲ್ಕು ಭಾಗ. ಎರಡು ವರ್ಷ ಬರೆದದ್ದು. ರೇಡಿಯೋದಲ್ಲಿ ಒಂದೇ ಒಂದು ಸಲ ನುಡಿಸಿದರು. ಆಮೇಲೆ ಯಾರೋ ಅದೇ ಟೇಪಿನ ಮೇಲೆ ಐವತ್ತು ಕಿಲೋಮೀಟರ್ ಸ್ಕೀ ಓಟದ ವರದಿಯನ್ನು ತುಂಬಿಸಿದರು.

ಹುಡುಗಿ ಎಲ್ಲಕ್ಕೂ "ಹೌದಾ, ಚೆನ್ನಾಗಿದೆ" ಎಂದಳು. ಲೇಖನದ ತಲೆಬರಹ: ಐಸ್‌ಕ್ರೀಮ್ ಗಾಡಿಯ ರಾಗದವರಿಗೆ ಅರವತ್ತು.

ಆ ರಾಗ ಹದಿನೈದು ಸೆಕೆಂಡಿನದು. ಹನ್ನೊಂದು ವರ್ಷದ ಹಿಂದೆ ಒಂದು ಶನಿವಾರ ಮಧ್ಯಾಹ್ನ ಬರೆದದ್ದು. ಅಂದಿನಿಂದ ದೇಶದ ಅಷ್ಟೂ ಓಣಿಗಳಲ್ಲಿ ನೀಲಿ ಗಾಡಿಗಳು ಅದನ್ನು ಒದರುತ್ತ ಬರುತ್ತವೆ. ಹಸುಳೆಗಳಿಗೆ ಅಮ್ಮ ಎನ್ನುವ ಮೊದಲು ಅದು ಬಾಯಿಗೆ ಬರುತ್ತದೆ. ನಲವತ್ತೆರಡು ನಿಮಿಷದ ಕೃತಿಗೆ ಲೇಖನದಲ್ಲಿ ಅರ್ಧ ವಾಕ್ಯ ಸಿಕ್ಕಿತ್ತು. ಆ ಅರ್ಧದಲ್ಲೂ ವರ್ಷ ತಪ್ಪು.

ಆ ರಾಗ ಎಲ್ಲಿಂದ ಬಂತು ಎಂಬುದನ್ನು ಅವನು ಹುಡುಗಿಗೆ ಹೇಳಿರಲಿಲ್ಲ. 'ಹಿಮ ಒಡೆಯುವ ವಾರ'ದ ಮೂರನೆಯ ಭಾಗದಿಂದ ಕಿತ್ತದ್ದು. ಅಲ್ಲಿ ಅದು ಐದು ಎಣಿಕೆಯ ತಾಳದಲ್ಲಿತ್ತು. ಕುಂಟುತ್ತ, ಮುಗ್ಗರಿಸುತ್ತ, ಕೆರೆಯ ಹಿಮದ ಮೇಲೆ ಹೆಜ್ಜೆ ಪರೀಕ್ಷಿಸುತ್ತ ಹೋಗುವವನ ಹಾಗೆ. ಗಾಡಿಗೆ ಕೊಡುವಾಗ ಒಂದು ಎಣಿಕೆ ಕಡಿದು ನಾಲ್ಕು ಮಾಡಿದ. ಮಕ್ಕಳಿಗೆ ಸುಲಭ. ಇದು ಗೊತ್ತಿರುವವನು ಈಗ ಬದುಕಿರುವವರಲ್ಲಿ, ಅವನನ್ನು ಬಿಟ್ಟರೆ, ಒಬ್ಬನೇ: ಆ ಐದನ್ನು ಡ್ರಮ್ಮಿನ ಮೇಲೆ ಹಿಡಿದು ನಿಲ್ಲಿಸಿದ್ದ ಕೌಕೊ ರೌತಸಲ್ಮಿ.

ಹನ್ನೆರಡು ಜನರ ಕೇಕಿನಲ್ಲಿ ಹನ್ನೊಂದು ಪಾಲು ನೆಪ.

ಕೌಕೊ ಅವನೊಡನೆ ಮಾತಾಡಿ ಹನ್ನೊಂದು ವರ್ಷ. ಜಗಳವೇನೂ ಆಗಿರಲಿಲ್ಲ. ಒಂದು ದಿನದಿಂದ ಫೋನು ಎತ್ತುವುದನ್ನು ನಿಲ್ಲಿಸಿದ, ಅಷ್ಟೆ. ತಂಡದಲ್ಲಿ ಬಾಸ್ ವಾದ್ಯ ನುಡಿಸುತ್ತಿದ್ದವನ ಶವಸಂಸ್ಕಾರದಲ್ಲಿ ಎದುರಾದಾಗ ಬ್ಯಾಂಕಿನ ಗುಮಾಸ್ತನ ಹಾಗೆ ಕೈಕುಲುಕಿದ. ಔಲಿಸನಿಗೆ ಕಾರಣ ಸ್ಪಷ್ಟವಿತ್ತು. ಐದನ್ನು ನಾಲ್ಕು ಮಾಡಿ ಮಾರಿದ್ದು. ಅದಕ್ಕೆ ಒಂದು ಸಮರ್ಥನೆಯನ್ನೂ ತಯಾರಿಸಿ ಇಟ್ಟುಕೊಂಡಿದ್ದ. ಪ್ರತಿವರ್ಷ ತಿದ್ದಿ ತಿದ್ದಿ ಅದು ಈಗ ಬಹಳ ಚೆನ್ನಾಗಿತ್ತು. ಕೇಳುವವನು ಬರಬೇಕಿತ್ತು ಅಷ್ಟೆ.

ಗಂಟೆ ಹತ್ತಾಯಿತು. ಹದಿನೈದನೆಯ ವಯಸ್ಸಿನಿಂದ ಪ್ರತಿ ಹುಟ್ಟುಹಬ್ಬದ ಬೆಳಿಗ್ಗೆ ಅವನು ಮಾಡುವ ಮೊದಲ ಕೆಲಸ ಒಂದೇ. ವಾದ್ಯದ ಅತಿ ಕೆಳಗಿನ ಸ್ವರವನ್ನು ಉಸಿರು ಮುಗಿಯುವ ತನಕ ಊದುವುದು. ಒಂದು ಸಲ ಸೇನೆಯ ಬ್ಯಾರಕ್ಕಿನಲ್ಲಿ ಊದಿ ಶಿಕ್ಷೆಯನ್ನೂ ತಿಂದಿದ್ದ. ಈಗ ಸ್ಯಾಕ್ಸೋಫೋನನ್ನು ಪೆಟ್ಟಿಗೆಯಿಂದ ತೆಗೆದು ಕೊರಳಿಗೆ ಹಾಕಿಕೊಂಡ. ಆಮೇಲೆ ನೆನಪಾಯಿತು. ಪ್ರವಾಸದಲ್ಲಿರುವವನು ಊದುವ ಹಾಗಿಲ್ಲ.

ಬಾಯಿಗಿಡದೆ ಬೆರಳಾಡಿಸಿದ. ಕೀಗಳ ಕೆಳಗಿನ ಚರ್ಮದ ಬಿಲ್ಲೆಗಳು ತೂತುಗಳ ಮೇಲೆ ಕೂತು ಎದ್ದವು. ಟಪ್, ಟಪ್, ಟಪ್. ಮೂರನೆಯ ಭಾಗವನ್ನು ಮೊದಲಿನಿಂದ ಕೊನೆಯವರೆಗೆ ಹಾಗೆಯೇ ನುಡಿಸಿದ. ಎಲ್ಲೂ ತಪ್ಪಲಿಲ್ಲ. ಸದ್ದಿಲ್ಲದೆ ನುಡಿಸಿದಾಗ ತಪ್ಪಾಗುವುದೂ ಕಷ್ಟ.

ಹನ್ನೊಂದಕ್ಕೆ ಬಾಗಿಲಿನ ಅಂಚೆಕಿಂಡಿಯ ತಗಡು ಟಕ್ಕೆಂದು ಎದ್ದು ಬಿತ್ತು. ಔಲಿಸ್ ಓಡಿದ. ನೆಲದ ಮೇಲೆ ಸಂಗೀತಗಾರರ ಸಂಘದ ಶುಭಾಶಯ ಪತ್ರ ಬಿದ್ದಿತ್ತು. ಅಚ್ಚು ಹಾಕಿದ ಗುಲಾಬಿ, ಅಚ್ಚು ಹಾಕಿದ ಸಹಿ. ಜೊತೆಗೆ ಕಿವಿಯಂತ್ರದ ಅಂಗಡಿಯ ಜಾಹೀರಾತು: ಅರವತ್ತು ದಾಟಿದವರಿಗೆ ಪರೀಕ್ಷೆ ಉಚಿತ.

ಹನ್ನೆರಡೂವರೆಗೆ ಮೊಬೈಲು ಮೇಜಿನ ಮೇಲೆ ನಡುಗಿತು. ಅವನು ತಕ್ಷಣ ಎತ್ತಲಿಲ್ಲ. ಆತುರಗಾರನೆಂದು ಕಾಣಬಾರದು ಎಂದು ಕಿಟಕಿಯ ಪರದೆಯನ್ನೇ ನೋಡುತ್ತ ನಿಂತು, ಆಮೇಲೆ ಓದಿದ. ಗ್ರಂಥಾಲಯದ ಸಂದೇಶ. ಅವನು ಕಾಯ್ದಿರಿಸಿದ್ದ ಪುಸ್ತಕ ಬಂದಿದೆ, ಒಂದು ವಾರದೊಳಗೆ ಒಯ್ಯಬೇಕು.

ಹಸಿವಾಗಿತ್ತು. ಫ್ರಿಜ್ಜು ತೆಗೆದು ಕೇಕಿನ ಮುಂದೆ ಚಾಕು ಹಿಡಿದು ನಿಂತ. ಒಂದು ಪಾಲು ಕೊಯ್ದರೆ ಯಾರೂ ಬರುವುದಿಲ್ಲ ಎಂದು ತಾನೇ ಒಪ್ಪಿಕೊಂಡಂತೆ. ಚಾಕು ಒಳಗಿಟ್ಟು, ನಿನ್ನೆಯ ರೈ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ಒಲೆಯ ಮೂಲೆಯಲ್ಲಿ ನಿಂತೇ ತಿಂದ. ಕಾಫಿ ಮಾಡಲಿಲ್ಲ. ವಾಸನೆ ಮೆಟ್ಟಿಲವರೆಗೆ ಹೋಗುತ್ತದೆ.

ಎರಡು ಗಂಟೆಯ ಸುಮಾರಿಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು.

ಲಿಫ್ಟ್ ಇದ್ದರೂ ಹತ್ತಿಕೊಂಡೇ ಬರುವವನು. ಎಡಗಾಲು, ಆಮೇಲೆ ಕೂದಲೆಳೆಯಷ್ಟು ತಡವಾಗಿ ಬಲಗಾಲು. ನಲವತ್ತು ವರ್ಷ ಡ್ರಮ್ಮಿನ ಪೆಡಲು ತುಳಿದ ಕಾಲು. ಸುಳ್ಳು ಹೇಳುವುದೇಕೆ, ಸಂತೋಷದಿಂದ ಔಲಿಸನ ಕಣ್ಣು ಒದ್ದೆಯಾಯಿತು. ಬಂದ, ಬಂದೇಬಿಟ್ಟ ಎಂದುಕೊಂಡ. ಕೊರಳಲ್ಲಿ ವಾದ್ಯ ನೇತಾಡುತ್ತಿದ್ದಂತೆಯೇ ನಡುಮನೆಗೆ ಹೋಗಿ ಬಾಗಿಲ ಹಿಂದೆ ನಿಂತ.

ಕರೆಗಂಟೆ ಬಾರಿಸಿತು.

ಈಗಲೇ ತೆಗೆದರೆ ಕಾದು ಕೂತಿದ್ದನೆಂದು ತಿಳಿಯುತ್ತದೆ. ಎರಡನೆಯ ಸಲ ಬಾರಿಸಲಿ. ಅಷ್ಟರಲ್ಲಿ ಪಕ್ಕದ ಬಾಗಿಲಿನ ಚಿಲಕ ಸರಿಯಿತು.

"ಅವರಿಲ್ಲಪ್ಪ," ಎಂದಳು ಲೆಂಪಿ. "ಪ್ರವಾಸ ಹೋಗಿದಾರೆ. ಪೇಪರ್‌ನಲ್ಲಿ ಬಂದಿದೆ."

"ಓದ್ದೆ." ಕೌಕೊನ ದನಿ ಮೊದಲಿಗಿಂತ ಒಡಕಾಗಿತ್ತು.

"ಓದಿಯೂ ಬಂದ್ರಾ?" ಕೋಟು ತೊಟ್ಟು ಸೌನಾದ ಹಬೆಸ್ನಾನಕ್ಕೆ ಕಾಲಿಟ್ಟವನನ್ನು ಕಂಡ ಹಾಗಿತ್ತು ಅವಳ ಬೆರಗು.

"ಓದಿದ್ದಕ್ಕೇ ಬಂದೆ ಅಮ್ಮ."

"ಬೆಳಗ್ಗೆ ಅವರ ಹೆಂಡತಿ ಚೀಲ ಹಿಡ್ಕೊಂಡು ಹೋಗಿದ್ದನ್ನ ನಾನೇ ನೋಡ್ದೆ. ಇವರು ಮುಂಚೇನೇ ಹೋಗಿರ್ಬೇಕು. ಬೆಳಗಿಂದ ಒಂದು ಪೀಪೀ ಸದ್ದಿಲ್ಲ, ಹಾಯಾಗಿದೆ."

ಕೌಕೊ ಸಣ್ಣಗೆ ನಕ್ಕ. "ನಾನೂ ಹೀಗೇ ಒಂದ್ಸಲ ಪ್ರವಾಸ ಹೋಗಿದ್ದೆ."

"ಎಲ್ಲಿಗೆ?"

"ಅಡುಗೆಮನೆಗೆ."

ಲೆಂಪಿಯ ಬಾಗಿಲು ಇನ್ನಷ್ಟು ತೆರೆದ ಸದ್ದಾಯಿತು.

"ನನಗೆ ಐವತ್ತಾದಾಗ. ಹೆಂಡತಿ ಸತ್ತು ಎರಡು ತಿಂಗಳಾಗಿತ್ತು. ಜನ ಬಂದು ಮುಖ ಸಣ್ಣಗೆ ಮಾಡ್ಕೊಂಡು ಕೂತ್ಕೊಳೋದು ಬೇಡಾಗಿತ್ತು. ಪ್ರವಾಸ ಅಂತ ಹಾಕ್ಸಿದೆ. ಇವನೊಬ್ಬ ಬರ್ತಾನೆ ಅಂತಿದ್ದೆ. ಎರಡು ಫ್ಲಾಸ್ಕ್ ಕಾಫಿ ಮಾಡಿ, ಕಾನ್ಯಾಕ್ ಬ್ರಾಂಡಿ ತೆಗೆದಿಟ್ಟು, ಸಂಜೆ ತನಕ ಕೂತೆ."

"ಬರ್ಲಿಲ್ವಾ?"

"ಅವನು ಓದಿದೋನು ಅಮ್ಮ. ಅಚ್ಚಾಗಿದ್ದನ್ನ ನಂಬ್ತಾನೆ."

"ಪ್ರವಾಸ ಅಂದ್ಮೇಲೆ ಪಾಪ, ಹ್ಯಾಗೆ ಬರ್ತಾರೆ?"

"ಅದೇ ಮತ್ತೆ. ಹ್ಯಾಗೆ ಬರ್ತಾರೆ."

"ಮತ್ತೆ ನೀವು ಬಂದ್ರಲ್ಲ?"

"ನನಗೆ ಆ ಊರು ಗೊತ್ತು," ಎಂದ ಕೌಕೊ.

ಆ ಶನಿವಾರ ಔಲಿಸನಿಗೆ ಚೆನ್ನಾಗಿ ನೆನಪಿತ್ತು. ಕಾಫಿ ಕುಡಿಯುತ್ತ ಕೌಕೊನ ಪ್ರಕಟಣೆ ಓದಿದ್ದ. ಸಿರ್ಕ, "ಆದ್ರೂ ಹೋಗ್ಬಾ, ಒಬ್ಬನೇ ಇರ್ತಾನೆ," ಎಂದಿದ್ದಳು. "ಬೇಡ ಅಂದವನ ಮನೆಗೆ ನುಗ್ಗೋದು ಅಸಭ್ಯತನ," ಎಂದಿದ್ದ ಇವನು. ಮನಸ್ಸಿಗೆ ಬಂದದ್ದು ಸಭ್ಯತೆಯಲ್ಲ, ನಿರಾಳ. ಸತ್ತ ಹೆಂಡತಿಯ ಕುರ್ಚಿಯ ಎದುರು ಕೂತು ಏನು ಮಾತಾಡುವುದು ಎಂಬ ಹೆದರಿಕೆ ತಪ್ಪಿತ್ತು. ಮಧ್ಯಾಹ್ನವೆಲ್ಲ ಖಾಲಿ ಸಿಕ್ಕಿತು. ಐಸ್‌ಕ್ರೀಮಿನವರು ಸೋಮವಾರದೊಳಗೆ ಬೇಕೆಂದಿದ್ದರು. ಪಿಯಾನೋದ ಮುಂದೆ ಕೂತು ಐದನ್ನು ನಾಲ್ಕು ಮಾಡಿದ.

ಹಾಗಾದರೆ ರಾಗದ ಮಾತೇ ಅಲ್ಲ. ಹನ್ನೊಂದು ವರ್ಷ ತಿದ್ದಿಟ್ಟ ಸಮರ್ಥನೆ ಯಾರೂ ಹೊರಿಸದ ಆರೋಪಕ್ಕೆ.

ಬಾಗಿಲು ತೆಗೆಯಬೇಕು. ಕೈ ಚಿಲಕದ ಮೇಲಿತ್ತು. ತೆಗೆದು ಏನನ್ನುವುದು? ನಿದ್ದೆ ಬಂದುಬಿಟ್ಟಿತ್ತು. ಸ್ನಾನ ಮಾಡುತ್ತಿದ್ದೆ. ಈಗ ತಾನೇ ಬಂದೆ. ಕೊರಳಲ್ಲಿ ಸ್ಯಾಕ್ಸೋಫೋನು ಹಾಕಿಕೊಂಡು, ಈಗ ತಾನೇ ಬಂದೆ. ಮುದುಕಿಯ ಎದುರಿಗೆ, ಎಲ್ಲ ಕೇಳಿಸಿಕೊಂಡವನ ಮುಖ ಹೊತ್ತು. ಅವಳು ಒಳಗೆ ಹೋಗಲಿ. ಅವಳು ಒಳಗೆ ಹೋದ ಕೂಡಲೇ ತೆಗೆಯುತ್ತೇನೆ ಎಂದು ಅವನು ಆಣೆಯಿಟ್ಟುಕೊಂಡ.

"ಹೂ ತಂದಿದ್ರೆ ಕೊಡಿ, ನೀರಲ್ಲಿಟ್ಟಿರ್ತೀನಿ," ಎಂದಳು ಲೆಂಪಿ.

"ಹೂ ತಂದಿಲ್ಲ ಅಮ್ಮ."

"ಬಂದಿದ್ರು ಅಂತ ಹೇಳ್ಲಾ? ಹೆಸರೇನು?"

"ಬೇಡ ಬಿಡಿ."

ಲೆಂಪಿಯ ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಈಗ ಮೆಟ್ಟಿಲ ಬಳಿ ಕೌಕೊ ಒಬ್ಬನೇ. ನಡುವೆ ಎರಡು ಬೆರಳು ದಪ್ಪದ ಮರ. ಅವನ ಉಸಿರು ಕೇಳಿಸುತ್ತಿತ್ತು, ಮೂರು ಮಹಡಿ ಹತ್ತಿದ ಉಸಿರು. ಈಗ, ಎಂದಿತು ಮನಸ್ಸು. ಆದರೆ ಲೆಂಪಿ ಇದ್ದಾಗ ಅವಳು ಅಡ್ಡಿ ಎನ್ನಬಹುದಿತ್ತು. ಈಗ ಅಡ್ಡಿ ಯಾರು ಎಂದು ನೋಡಿದರೆ ತಾನೇ. ಇನ್ನೊಂದು ಸಲ ಗಂಟೆ ಬಾರಿಸಲಿ, ಒಂದೇ ಸಲ, ತೆಗೆದುಬಿಡುತ್ತೇನೆ. ತಾನು ನಾಚಿಕೆಯಿಂದ ಸಾಯುತ್ತಿರುವುದು ಅವನಿಗೇ ಗೊತ್ತಾಗುತ್ತಿತ್ತು. ಆದರೂ ಕೈ ತಿರುಗಲಿಲ್ಲ.

ಕೌಕೊ ಗಂಟೆ ಬಾರಿಸಲಿಲ್ಲ. ಬಟ್ಟೆ ಸರಸರ ಎಂದಿತು, ಮಂಡಿ ಕಟಕ್ಕೆಂದಿತು. ಅಂಚೆಕಿಂಡಿಯ ತಗಡು ನಿಧಾನವಾಗಿ ಮೇಲೆದ್ದಿತು.

ಮೆಟ್ಟಿಲ ಬೆಳಕಿನ ಒಂದು ಪಟ್ಟಿ ಒಳಗೆ ಬಂದು ಔಲಿಸನ ಕಾಲ ಮೇಲೆ ಬಿತ್ತು. ಬೂದುಬಣ್ಣದ ಉಣ್ಣೆ, ತುದಿಯಲ್ಲಿ ಕೆಂಪು. ಸರಿಯಬಹುದಿತ್ತು. ಸರಿದರೆ ಕಾಣುತ್ತದೆ. ಸರಿಯದಿದ್ದರೂ ಕಾಣುತ್ತದೆ. ಅವನು ಉಸಿರು ಹಿಡಿದು ಕಾಲುಚೀಲವನ್ನೇ ನೋಡುತ್ತ ನಿಂತ.

"ಪ್ರಯಾಣ ಸುಖವಾಗಿರ್ಲಿ ಕಣೋ," ಎಂದ ಕೌಕೊ ಕಿಂಡಿಯೊಳಗೆ, ಮೆಲ್ಲಗೆ.

ತಗಡು ಬಿತ್ತು. ಎಡಗಾಲು, ತಡವಾಗಿ ಬಲಗಾಲು. ಎರಡನೆಯ ಮಹಡಿ. ಮೊದಲನೆಯದು. ಔಲಿಸ್ ಬಾಯಿ ತೆರೆದು ಹೆಸರು ಕರೆದ, ಅಥವಾ ಕರೆದೆನೆಂದುಕೊಂಡ. ಕೆಳಗೆ ಬೀದಿಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ಅವನ ಕೈ ಚಿಲಕವನ್ನು ತಿರುಗಿಸಿತು. ಬಾಗಿಲು ಬೆರಳಗಲ ತೆರೆದುಕೊಂಡಿತು. ಮೆಟ್ಟಿಲ ಬಳಿ ಯಾರೂ ಇರಲಿಲ್ಲ. ತಂಬಾಕಿನ ವಾಸನೆ ಇತ್ತು. ಮತ್ತೆ ಮುಚ್ಚಿದ, ಲೆಂಪಿಗೆ ಕೇಳಿಸದ ಹಾಗೆ.

ಅಡುಗೆಮನೆಗೆ ಹೋದ. ಕಿಟಕಿಯ ಬಳಿ ಅಭ್ಯಾಸಬಲದಿಂದ ಬಗ್ಗಿದ. ಒಂದು ದಿನಕ್ಕೇ ಅಭ್ಯಾಸವಾಗಿಬಿಟ್ಟಿತ್ತು. ತೆಳು ಪರದೆಯ ಅಂಚು ಸರಿಸಿ ನೋಡಿದ.

ಮೇ ತಿಂಗಳ ಬಿಸಿಲು ಅಂಗಳದ ತುಂಬ. ಬರ್ಚ್ ಮರಗಳಲ್ಲಿ ಚಿಗುರು. ಕೌಕೊ ಅಂಗಳದ ನಡುವೆ, ಜಮಖಾನೆ ಹಾಕಿ ಬಡಿಯುವ ಕಬ್ಬಿಣದ ಸರಳಿನ ಹತ್ತಿರ ಸಿಗರೇಟು ಹಚ್ಚುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಹೊಸ ಕೋಟು. ಹಬ್ಬಕ್ಕೆಂದೇ ಹಾಕಿಕೊಂಡದ್ದು, ನೋಡಿದರೆ ತಿಳಿಯುತ್ತಿತ್ತು.

ಆಗ ಓಣಿಯ ತಿರುವಿನಿಂದ ಅದು ಕೇಳಿಸಿತು. ನೀಲಿ ಗಾಡಿ ಅಂಗಳಕ್ಕೆ ನುಗ್ಗಿ ನಿಂತು ರಾಗವನ್ನು ಒದರತೊಡಗಿತು. ಒಂದು ಸಲ, ಎರಡು ಸಲ. ಬಾಗಿಲುಗಳು ತೆರೆದವು. ಇಡೀ ದಿನ ಯಾರ ಕಣ್ಣಿಗೆ ಬೀಳಬಾರದೆಂದು ಬಗ್ಗಿ ನಡೆದಿದ್ದನೋ ಅವರೆಲ್ಲ ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದರು. ಲೆಂಪಿಯೂ ಬಂದಳು, ಕೈಯಲ್ಲಿ ಬುಟ್ಟಿ. ಸಾಲು ನಿಂತರು, ಒಬ್ಬರಿಗೊಬ್ಬರು ಕೈಯಳತೆ ದೂರ ಬಿಟ್ಟು. ಎಲ್ಲರ ಮುಖದಲ್ಲೂ ಹಬ್ಬದ ಕಳೆ.

ಕೌಕೊ ಸಾಲಿಗೆ ಸೇರಲಿಲ್ಲ. ಸಿಗರೇಟನ್ನು ತುಟಿಗೆ ಕಚ್ಚಿಕೊಂಡು, ಎರಡೂ ಕೈಯ ಬೆರಳುಗಳಿಂದ ಸರಳಿನ ಮೇಲೆ ಬಡಿಯತೊಡಗಿದ. ಗಾಡಿ ನಾಲ್ಕು ಎಣಿಸುತ್ತಿತ್ತು. ಅವನು ಐದು ಎಣಿಸುತ್ತಿದ್ದ. ಒಂದಕ್ಕೊಂದು ತಾಗದೆ, ಜಾರಿ, ಮತ್ತೆ ಎಲ್ಲೋ ಒಂದು ಕಡೆ ಕೂಡಿ, ಮತ್ತೆ ಜಾರಿ. ಗಾಡಿಯವನು ತಿರುಗಿ ನೋಡಿ ನಕ್ಕ. ಕುಡಿದ ಮುದುಕ ಎಂದುಕೊಂಡನೇನೋ.

ರಾಗ ನಿಂತಿತು. ಗಾಡಿ ಹೊರಟುಹೋಯಿತು. ಜನ ಡಬ್ಬಿಗಳನ್ನು ಅಪ್ಪಿಕೊಂಡು ಒಳಗೆ ಹೋದರು. ಲೆಂಪಿಯ ಬಾಗಿಲು ತೆರೆದು ಮುಚ್ಚಿತು. ಕೌಕೊನ ಬೆರಳುಗಳು ಮಾತ್ರ ನಿಲ್ಲಲಿಲ್ಲ. ಮೇಲೆ ನೋಡಲೂ ಇಲ್ಲ. ಸರಳಿಗೆ ಮುಖ ಮಾಡಿ, ಮೂರನೆಯ ಭಾಗದಲ್ಲಿ ಸ್ಯಾಕ್ಸೋಫೋನು ಬರುವ ಮೊದಲಿನ ಆ ಹದಿನಾರು ಆವರ್ತವನ್ನು ಬಡಿಯುತ್ತಿದ್ದ. ಅದು ಕಾಯುವ ಭಾಗ.

ಔಲಿಸ್ ವಾದ್ಯವನ್ನು ಬಾಯಿಗಿಟ್ಟುಕೊಂಡ. ಎದೆ ತುಂಬ ಉಸಿರು ಎಳೆದುಕೊಂಡ. ಹದಿನಾಲ್ಕು, ಹದಿನೈದು, ಹದಿನಾರು. ಕರಾರುವಾಕ್ಕಾಗಿ, ಒಂದು ಕೂದಲೂ ತಡವಿಲ್ಲದೆ, ಅವನ ಬೆರಳುಗಳು ಒಳಸೇರಿದವು. ಟಪ್, ಟಪ್, ಟಪ್. ಪಕ್ಕದ ಮನೆಯಲ್ಲಿ ಲೆಂಪಿ ಚಮಚ ಹುಡುಕುವ ಸದ್ದಾಗುತ್ತಿತ್ತು. ಅವನು ಉಸಿರನ್ನು ಹೊರಗೆ ಬಿಡದೆ, ಕೊರಳ ನರ ಉಬ್ಬಿ, ಕಣ್ಣಲ್ಲಿ ನೀರು ತುಂಬಿ, ಬೆರಳಾಡಿಸುತ್ತಲೇ ಇದ್ದ.